ಅವ್ವ ಕೊಟ್ಟ ಕಂಬಳಿ

ಘಟ್ಟದ ರಾಷ್ಟ್ರೀಯ ಉದ್ಯಾನದಲ್ಲಿ ದಿನವಿಡೀ ಗುಡ್ಡ ಹತ್ತಿ, ಸಂಜೆ ಗೈಡ್ ಜೊತೆ ಡೇರೆ ಹಾಕಿದ್ದೆ. ಕೊಟ್ಟೂರಿನಿಂದ ಹೊರಡುವಾಗ ನನ್ನ ಸ್ಲೀಪಿಂಗ್ ಬ್ಯಾಗ್ ನೋಡಿ ಅವ್ವ, "ಇದಕ್ಕ ಚಳಿ ತಡಿಯಂಗಿಲ್ಲ" ಎಂದು ಅಪ್ಪ ಕುರಿ ಕಾಯುವಾಗ ಹೊದೆಯುವ ಕಂಬಳಿಯನ್ನು ಚೀಲಕ್ಕೆ ತುರುಕಿದ್ದಳು. ಬೇಡವೆಂದರೆ ಕೇಳುವ ಹೆಂಗಸಲ್ಲ. ರಾತ್ರಿ ಡೇರೆಯಲ್ಲಿ ಅದನ್ನೇ ಹೊದ್ದೆ. ಕುರಿ ಕೂಡಿಹಾಕುವ ರೊಪ್ಪದ ವಾಸನೆ ಮೂಗಿಗೆ ಬಡಿದು, ಮನೆಯಲ್ಲೇ ಇದ್ದಷ್ಟು ಧೈರ್ಯ ಬಂತು.

ಅಷ್ಟರಲ್ಲಿ ಹೊರಗೆ ಗರಗಸ ಎಳೆದಂಥ ಸದ್ದು ಕೇಳಿಸಿತು. ಗೈಡ್ ನನ್ನ ಭುಜ ಅದುಮಿ, "ಚಿರತೆ. ಅಲ್ಲಾಡಬೇಡಿ" ಎಂದು ಪಿಸುಗುಟ್ಟಿದ. ಸದ್ದು ಹತ್ತಿರ ಬಂದು ನಿಂತಿತು. ನನ್ನ ತಲೆಯ ಪಕ್ಕದ ಡೇರೆ ಬಟ್ಟೆಯನ್ನು ಚಿರತೆ ಮೂಸತೊಡಗಿತು.

"ಕುರಿ ವಾಸನೆ ಎಲ್ಲಿಂದ ಬರ್ತಿದೆ?" ಎಂದ ಗೈಡ್.

ಊರಲ್ಲಿ ಚಿರತೆ ಬಂದರೆ ಅಪ್ಪ, ನಾನು ರೊಪ್ಪದ ಹೊರಗೆ ಕಾವಲು ನಿಲ್ಲುತ್ತೇವೆ. ಅಂದು ರೊಪ್ಪದ ಒಳಗಿದ್ದವನು ನಾನು.