ಜೈಬುನ್ನೀಸಾ ತೀರಿಸಿದ ರೋಜಾಗಳು

೧೯೫೯ರ ರಂಜಾನಿನ ಒಂಬತ್ತನೆಯ ದಿನ. ಶಿಕಾರಿಪುರದ ತನ್ನ ಮನೆಯಲ್ಲಿ ಹುಡುಗಿಯರಿಗೆ ಕುರಾನ್ ಓದಿಸುತ್ತಿದ್ದ ಜೈಬುನ್ನೀಸಾ ನಡುವೆಯೇ ಎದ್ದು ಒಳಗೆ ಹೋದಳು. ಸೀರೆಯಲ್ಲಿ ರಕ್ತ. ಅವಳಿಗೆ ಐವತ್ತೆರಡು, ಮುಟ್ಟು ನಿಂತು ಮೂರು ವರ್ಷ. ಅಕ್ಕ ಬದರುನ್ನೀಸಾಗೂ ನಿಂತದ್ದು ಹೀಗೆಯೇ ಮತ್ತೆ ಕಾಣಿಸಿಕೊಂಡಿತ್ತು. ಗರ್ಭಕೋಶದ ಹುಣ್ಣು ವರ್ಷದೊಳಗೆ ಅವಳನ್ನು ಒಯ್ದಿತ್ತು.

ತಲೆನೋವೆಂದು ಹೇಳಿ ಹುಡುಗಿಯರನ್ನು ಕಳಿಸಿದಳು. ಮುಟ್ಟಾದವಳಿಗೆ ನಮಾಜಿಲ್ಲ, ರೋಜಾದ ಉಪವಾಸ ಇಲ್ಲ, ಕುರಾನ್ ಮುಟ್ಟುವಂತಿಲ್ಲ; ಬಿಟ್ಟ ರೋಜಾಗಳನ್ನು ರಂಜಾನ್ ಕಳೆದ ಮೇಲೆ ಹಿಡಿದು ತೀರಿಸಬೇಕು. ಆದರೆ ಈ ವಯಸ್ಸಿನಲ್ಲಿ ಉಪವಾಸ ಬಿಟ್ಟರೆ ಓಣಿಯೇ ಕಾರಣ ಕೇಳುತ್ತದೆ. ಗಂಡ ಜಮಾಲ್ ಸಾಬ್ ಪಾತ್ರೆಗಳಿಗೆ ಕಲಾಯಿ ಹಾಕಲು ಹೊರಟ ಮೇಲೆ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನೀರು ಕುಡಿಯುವುದಾಯಿತು.

ಮೂರನೆಯ ದಿನ, ಪಕ್ಕದ ಓಣಿಯ ಗೆಳತಿ, ಶಾಲೆಯ ಮೇಡಂ ನಿರ್ಮಲಮ್ಮನ ಕಣ್ಣಿಗೆ ಅದು ಬಿತ್ತು.

“ಏನೇ ಜೈಬೂ, ಕದ್ದು ಕುಡಿಯೋಳು ನೀರು ಯಾಕೆ ಕುಡೀತಿ? ಚಹಾನಾದ್ರೂ ಕುಡಿ!”

ಜೈಬುನ್ನೀಸಾ ನಗಲಿಲ್ಲ. ವಿಷಯ ಕೇಳಿದ ನಿರ್ಮಲಮ್ಮ ಧೈರ್ಯ ಹೇಳಲು ನೋಡಿದಳು. “ಅದಕ್ಕೇನು ಅಂಜಿಕೆ? ಲಿಂಗ ಕಟ್ಟಿದ ನಮಗೆ ಮುಟ್ಟಿನ ಸೂತಕವೇ ಇಲ್ಲ.”

“ಸೂತಕ ಇಲ್ಲ ಸರಿ ಅಕ್ಕಾ. ಸಾವೂ ಇಲ್ವಾ ನಿಮಗೆ?”

ಮರುದಿನ ಇಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದರು. ಹಿಂದಿನ ವರ್ಷ ಒಳಗಿನ ಉರಿಗೆಂದು ಮಾತ್ರೆ ಕೊಟ್ಟಿದ್ದ ಲೇಡಿ ಡಾಕ್ಟರು ಎಲ್ಲ ಕೇಳಿ, “ನಾನು ಕೊಟ್ಟದ್ದನ್ನೇ ನುಂಗುತ್ತಿದ್ದೀರಾ?” ಎಂದರು.

“ಅದು ಮುಗೀತು. ನಮ್ಮವರು ಶಿರಾಳಕೊಪ್ಪದಿಂದ ಬೇರೆ ತಂದ್ರು. ಅದೇ ಜಾತಿದು, ಇನ್ನೂ ಜೋರು ಅಂತ ಅಂಗಡಿಯವರು ಅಂದ್ರಂತೆ. ನುಂಗಿದ್ರೆ ಹೊಟ್ಟೆ ತೊಳಸೋದು. ವಾಂತಿಯಾಗಿ ರೋಜಾ ಕೆಟ್ಟೀತು ಅಂತ ರಂಜಾನಿನ ಚಂದ್ರ ಕಂಡ ದಿನವೇ ನಿಲ್ಲಿಸಿಬಿಟ್ಟೆ.”

ಅವಳು ತಂದಿದ್ದ ಆ ಮಾತ್ರೆಯ ಸೀಸೆಯನ್ನು ಡಾಕ್ಟರು ಬೆಳಕಿಗೆ ಹಿಡಿದರು. “ಎರಡೂ ಹೆಣ್ಣುತನದ ರಸದ ಮಾತ್ರೆಗಳೇ ಅಮ್ಮಾ, ಕೆಲಸ ಮಾತ್ರ ಬೇರೆ. ನನ್ನದು ಕೆಳದಾರಿಯ ಒಣಗಿದ ಚರ್ಮವನ್ನು ಮೆದು ಮಾಡುತ್ತೆ, ಗರ್ಭಕೋಶದ ತಂಟೆಗೆ ಅಷ್ಟಾಗಿ ಹೋಗಲ್ಲ. ಇದು ಗರ್ಭಕೋಶದ ಒಳಪದರವನ್ನೇ ದಪ್ಪ ಮಾಡುತ್ತೆ. ತಟ್ಟನೆ ನಿಲ್ಲಿಸಿದರೆ ಆ ಪದರ ಕಳಚಿ ಬೀಳುತ್ತೆ.”

“ಅಂದ್ರೆ ಇದು ಅಕ್ಕನ ಕಾಯಿಲೆ ಅಲ್ಲ?”

“ಮಾತ್ರೆಯಿಂದಲೇ ಇರಬಹುದು. ಆದರೆ ಒಳಗೆ ಕೆರೆದು ತೆಗೆದು ಪರೀಕ್ಷೆ ಮಾಡಿಸದೆ ನಾನು ಮಾತು ಕೊಡಲಾರೆ.”

ಈದ್ ಮುಗಿಯಲೆಂದಳು ಜೈಬುನ್ನೀಸಾ. ನಿರ್ಮಲಮ್ಮ ಬಿಡಲಿಲ್ಲ. ಅವತ್ತೇ ಕೆರೆದು ತೆಗೆದದ್ದು ಬೆಂಗಳೂರಿಗೆ ಹೋಯಿತು. ಎರಡು ದಿನಕ್ಕೆ ರಕ್ತವೂ ನಿಂತಿತು. “ನೋಡಿದ್ಯಾ, ಮಾತ್ರೇದೇ!” ಎಂದು ನಿರ್ಮಲಮ್ಮ ಬೀಗಿದಳು. ಜೈಬುನ್ನೀಸಾ ಸ್ನಾನ ಮಾಡಿ ಮತ್ತೆ ಉಪವಾಸ ಹಿಡಿದಳು, ಓದಿಸಲು ಕೂತಳು. ಆದರೆ ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಬೆರಳು ಸಾಲು ತಪ್ಪುತ್ತಿತ್ತು.

ಈದ್ ಕಳೆದು ನಾಲ್ಕನೆಯ ದಿನ ಡಾಕ್ಟರ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು, ಓದಿ ಹೇಳುವ ಪಾಡು ನಿರ್ಮಲಮ್ಮನದು. ಪದರ ದಪ್ಪವಾಗಿದ್ದದ್ದು ಮಾತ್ರೆಯಿಂದ, ನಿಜ. ಅದರ ನಡುವೆ ಒಂದು ಕಡೆ ಅಕ್ಕನಿಗಿದ್ದಂಥ ಹುಣ್ಣೂ ಮೊಳೆತಿತ್ತು. ಕೂಡಲೇ ಬೆಂಗಳೂರಿಗೆ ಹೋಗಬೇಕು.

ಜೈಬುನ್ನೀಸಾ ಬೆರಳು ಮಡಚಿ ಎಣಿಸಿದಳು. ಆಮೇಲೆ, “ಆರು ರೋಜಾ ಬಾಕಿ ಇದೆ. ತೀರಿಸಿ ಹೋಗ್ತೀನಿ” ಎಂದಳು.

“ಹುಚ್ಚಿ! ಕಾಯಿಲೆಯವರಿಗೆ ದೇವರೇ ವಿನಾಯಿತಿ ಕೊಟ್ಟಿದ್ದಾನೆ” ಎಂದ ಜಮಾಲ್ ಸಾಬ್.

“ಕಾಯಿಲೆಯವಳು ಅಂತ ನಾನು ಒಪ್ಕೊಂಡ್ರೆ ತಾನೇ?”

ಆರು ದಿನ ಯಾರ ಮಾತೂ ನಡೆಯಲಿಲ್ಲ. ಏಳನೆಯ ದಿನ ಅವಳೇ ಟ್ರಂಕು ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಬಂದಳು. ಬೆಂಗಳೂರಿನಲ್ಲಿ ಗರ್ಭಕೋಶ ತೆಗೆದರು. ರೋಗ ಅದನ್ನು ದಾಟಿ ಹೋಗಿತ್ತು. ಮರುವರ್ಷದ ರಂಜಾನ್ ಅವಳು ಕಾಣಲಿಲ್ಲ.

ಆ ಆರು ದಿನದಿಂದ ಏನಾದರೂ ವ್ಯತ್ಯಾಸವಾಯಿತೇ ಎಂದು ಡಾಕ್ಟರನ್ನು ಕೇಳಬಹುದಿತ್ತು. ನಿರ್ಮಲಮ್ಮ ಎರಡು ಸಲ ಶಿವಮೊಗ್ಗಕ್ಕೆ ಹೋದಳು; ಕೇಳದೆ ಬಂದಳು.