ರಾಗಿ ಪೈರಿಗೆ ಹಾಕಿದ ಗಂಟು

ದೊರೆಸಾನಿ ಬರೆದ ಪುಸ್ತಕದಲ್ಲಿ ನಮ್ಮಮ್ಮ ಕಟುಕಳು. ಹೆಸರಿಲ್ಲ, ಕುಡುಗೋಲು ಹಿಡಿದ ಹೆಂಗಸು ಅಂತಷ್ಟೇ ಇದೆ. ಆದರೆ ಆ ಹೊಲ ನಮ್ಮದು, ಆ ಕುಡುಗೋಲು ನಮ್ಮದು, ಅವತ್ತು ಆಕೆಗೆ ಮಜ್ಜಿಗೆ ಕೊಟ್ಟ ಕೈಯೂ ನಮ್ಮಮ್ಮನದೇ. ಮಜ್ಜಿಗೆಯ ಸುದ್ದಿ ಮಾತ್ರ ಪುಸ್ತಕದಲ್ಲಿಲ್ಲ.

ನಾನು ಬಂಗಾರಪೇಟೆಯಲ್ಲಿ ಮೇಷ್ಟರಾಗಿದ್ದಾಗ, ಕೆಲಸ ಮುಗಿಸಿ ಇಂಗ್ಲೆಂಡಿಗೆ ಹೊರಟ ಗಣಿ ಅಧಿಕಾರಿಯೊಬ್ಬರು ಶಾಲೆಗೆ ಕೊಟ್ಟುಹೋದ ಪುಸ್ತಕಗಳಲ್ಲಿ ಇದೂ ಒಂದಿತ್ತು. ಇಂಡಿಯಾದಲ್ಲಿ ತಾನು ಕಾಪಾಡಿದ ಕಾಡುಪ್ರಾಣಿಗಳ ಕಥೆ. ಎಲ್ಲವೂ ಕಣ್ಣಾರೆ ಕಂಡದ್ದು, ಒಂದಕ್ಷರವೂ ಕಲ್ಪನೆಯಲ್ಲ ಎಂದು ಆಕೆ ಮುನ್ನುಡಿಯಲ್ಲೇ ಆಣೆ ಇಟ್ಟಿದ್ದಾಳೆ. ಆ ಆಣೆ ಓದಿದಾಗ ನನಗಿನ್ನೂ ಸಿಟ್ಟು ಬಂದಿರಲಿಲ್ಲ.

ನಮ್ಮೂರು ಕ್ಯಾಸಂಬಳ್ಳಿಯ ಕಡೆ. ಆ ವರ್ಷ ರಾಗಿ ಕೊಯ್ಯುವಾಗ ಪೈರಿನ ನಡುವೆ ಜಿಂಕೆ ಮರಿಯೊಂದು ಮುದುಡಿ ಮಲಗಿತ್ತು. ನಾವೇನೂ ಜಿಂಕೆಗಳನ್ನು ಮುದ್ದು ಮಾಡುವವರಲ್ಲ. ಬೆಳೆ ಮೇಯಲು ಬಂದರೆ ಕವಣೆ ಬೀಸಿ ಅಟ್ಟುತ್ತಿದ್ದೆವು. ಊರಲ್ಲಿ ಅದರ ಮಾಂಸ ತಿಂದವರೇ ಇಲ್ಲ ಎಂದೂ ನಾನು ಹೇಳುವುದಿಲ್ಲ. ಆದರೆ ಕೊಯ್ಲಿನಲ್ಲಿ ಮರಿಯೋ ಗೌಜಲ ಹಕ್ಕಿಯ ಗೂಡೋ ಸಿಕ್ಕರೆ ಅದರ ಸುತ್ತ ಒಂದು ಚಾಪೆಯಗಲ ಪೈರು ಬಿಟ್ಟು, ಅಂಚಿನ ಹಿಡಿ ಪೈರಿಗೆ ಗಂಟು ಹಾಕುತ್ತಿದ್ದೆವು. ಗಂಟು ಕಂಡರೆ ಯಾರೂ ಅತ್ತ ಕುಡುಗೋಲು ಹಾಕುವಂತಿಲ್ಲ. ಸಂಜೆ ತಾಯಿ ಬಂದು ಹಾಲೂಡಿಸಿ ಮರಿಯನ್ನು ಕರೆದುಕೊಂಡು ಹೋಗುತ್ತದೆ. ಉಳಿದ ರಾಗಿಯನ್ನು ಆಮೇಲೆ ಕೊಯ್ದರಾಯಿತು.

ಅವತ್ತು ಉರಿಗಾಂ ಕಡೆಯಿಂದ ಈ ದೊರೆಸಾನಿ, ಅಲ್ಲಿನ ಚಿನ್ನದ ಗಣಿಯ ದೊರೆಯ ಹೆಂಡತಿ, ಕುದುರೆ ಮೇಲೆ ಬಂದಳು. ಬಾಯಾರಿದೆ ಎಂದು ಸನ್ನೆ ಮಾಡಿದಳು. ಅಮ್ಮ ಮಜ್ಜಿಗೆ ಕೊಟ್ಟಳು. ಕೊಟ್ಟು ಸುಮ್ಮನಿರಬಾರದೆ? ಹೊಲಕ್ಕೆ ಬಂದ ನೆಂಟರಿಗೆ ತೋರಿಸುವ ಹಾಗೆ, ದೊಡ್ಡ ಹೆಮ್ಮೆಯಿಂದ, ಗಂಟು ಹಾಕಿದ ಜಾಗಕ್ಕೆ ಆಕೆಯನ್ನು ಕರೆದುಕೊಂಡು ಹೋದಳು. ನೋಡಲು ಬಂದವರು ನೋಡಿ ಹೋಗುತ್ತಾರೆ ಎಂದು ನಮ್ಮವರ ಎಣಿಕೆ. ಆಕೆ ನೆಟ್ಟಗೆ ಪೈರಿನೊಳಕ್ಕೆ ನುಗ್ಗಿ ಮರಿಯನ್ನು ಎತ್ತಿಕೊಂಡಳು.

ಅಮ್ಮ ಬೇಡ ಬೇಡ ಎನ್ನುತ್ತಾ ಓಡಿದಳು. ಕೊಯ್ಯುತ್ತಿದ್ದ ಕುಡುಗೋಲು ಕೈಯಲ್ಲೇ ಇತ್ತು. ನಾನು ಉರಿಗಾಮಿನಲ್ಲಿ ಓದಿ ಮುಗಿಸಿ, ಕೆಲಸಕ್ಕೆ ಕಾಯುತ್ತಾ ಮನೆಯಲ್ಲಿದ್ದೆ. ಮುಂದೆ ಹೋಗಿ ಇಂಗ್ಲಿಷಿನಲ್ಲೇ ಹೇಳಿದೆ: ಇದು ತಬ್ಬಲಿಯಲ್ಲ, ಸಂಜೆ ತಾಯಿ ಬರುತ್ತದೆ, ಈ ಗಂಟು ಇದನ್ನು ಮುಟ್ಟಬೇಡಿ ಎನ್ನುವುದಕ್ಕೆ. ಆಕೆ ಪೂರ್ತಿ ಕೇಳಿಸಿಕೊಂಡಳು. ನಿನ್ನ ಇಂಗ್ಲಿಷ್ ಚೆನ್ನಾಗಿದೆ ಎಂದು ಹೊಗಳಿದಳು. ಹೊಗಳಿ, ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕುದುರೆ ಓಡಿಸಿದಳು.

ಸಂಜೆ ತಾಯಿಜಿಂಕೆ ಬಂತು. ಬಿಟ್ಟ ಪೈರಿನ ಸುತ್ತ ಸುತ್ತಿತು, ನಿಂತಿತು, ಮತ್ತೆ ಸುತ್ತಿತು. ಮಾರನೆಯ ದಿನವೂ ಬಂತು. ಅಮ್ಮ ಅಷ್ಟು ರಾಗಿಯನ್ನು ಕೊಯ್ಯಗೊಡಲೇ ಇಲ್ಲ.

"ಇರ್ಲಿ ಬುಡ್ಲಾ," ಎಂದಳು. "ವಾಪಸ್ ತಂದ್ರೆ ಎಲ್ಲಿ ಬುಡ್ತಾಳೆ?"

ತೆನೆ ಒಣಗಿ ಕಾಳು ಉದುರಿತು. ಅಮ್ಮನ ಕಾಟ ತಡೆಯಲಾರದೆ ನಾನು ಮರಿ ಏನಾಯಿತೆಂದು ವಿಚಾರಿಸಲು ದೊರೆಸಾನಿಯ ಬಂಗಲೆಗೂ ಹೋದೆ. ಬಾಗಿಲಲ್ಲೇ ಜವಾನ ತಡೆದ. ಅಲ್ಲಿಂದ ಮರಿ ಕಾಣಲಿಲ್ಲ, ಜಗಲಿಯ ಗೋಡೆ ಕಂಡಿತು. ದೊರೆ ಬೇಟೆಯಾಡಿ ತಂದ ಜಿಂಕೆಗಳ ಕೊಂಬುಗಳನ್ನು ಗೋಡೆ ತುಂಬ ಸಾಲಾಗಿ ಹೊಡೆದಿದ್ದರು.

ಪುಸ್ತಕದಲ್ಲಿ ಆ ಗೋಡೆಯಿಲ್ಲ. ಅಲ್ಲಿರುವುದು ಮರಿಯನ್ನು ಮುತ್ತಿಕೊಂಡ ಕುಡುಗೋಲುಗಳು. ಆ ಗಂಟು, ಕತ್ತಲಾದ ಮೇಲೆ ಬಂದು ಕೊಯ್ದು ತಿನ್ನಲು ಹಳ್ಳಿಯವರು ಮಾಡಿಕೊಂಡ ಗುರುತಂತೆ. ಅಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲವಂತೆ, ಆದ್ದರಿಂದ ಮುಖ ನೋಡಿಯೇ ನಮ್ಮ ದುರುದ್ದೇಶ ತಿಳಿದುಕೊಂಡಳಂತೆ. ಇಲ್ಲಿಗೆ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲದೆ ಬರೆದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಹೇಳಿದ್ದೆನಲ್ಲ, ಅವಳ ಭಾಷೆಯಲ್ಲೇ ಹೇಳಿದ್ದೆನಲ್ಲ! ಕಾಪಾಡಿದೆ ಎಂದು ಬರೆದುಕೊಳ್ಳಬೇಕಾದರೆ ಕೊಲ್ಲುವವರು ಯಾರಾದರೂ ಬೇಕು. ಗಂಡನನ್ನು ಬರೆಯಲಾದೀತೆ? ಮಜ್ಜಿಗೆ ಕೊಟ್ಟವಳು ಸಿಕ್ಕಳು.

ಭಾನುವಾರ ಊರಿಗೆ ಹೋದಾಗ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕುಳಿತು, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಮೆತ್ತಗೆ ಮಾಡಿ ಹೇಳಲು ನನಗೆ ಮನಸ್ಸಾಗಲಿಲ್ಲ. ಅವಳು ಬಾಯಿಗೆ ಬಂದ ಹಾಗೆ ಬೈಯಲಿ, ನಾನೂ ಜೊತೆಗೂಡೋಣ ಎಂದೇ ಕಾದಿದ್ದೆ. ಅವಳು ಕಟುಕಳು ಎಂಬ ಮಾತಿಗೂ ತಲೆ ಎತ್ತಲಿಲ್ಲ. ಕಾಯಿ ಸುಲಿಯುತ್ತಲೇ ಕೇಳಿದಳು.

"ಅದು ಬದುಕ್ತಂತಾ?"

ಹಾಳೆ ತಿರುವಿದೆ. ಆಕೆ ಮರಿಗೆ ಶಾಲು ಹೊದಿಸುತ್ತಾಳೆ, ಅಳುತ್ತಾಳೆ, ಗಂಡ ಆಕೆಯ ಮನಸ್ಸು ದೊಡ್ಡದೆಂದು ಮೆಚ್ಚುತ್ತಾನೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಮುಂದಿನದು ಮುಂಗುಸಿಯ ಕಥೆ. ಅಷ್ಟು ಹೊತ್ತು ನನಗೂ ಆ ಮರಿಯ ನೆನಪಾಗಿರಲಿಲ್ಲ, ಸಿಟ್ಟಷ್ಟೇ ಇತ್ತು. ಬರೆದಿಲ್ಲಮ್ಮ ಎಂದೆ.

ಅಮ್ಮನ ಕೈ ನಿಂತಿತು.

"ನಮ್ಮುನ್ನ ಬೈಯಾಕೆ ಅಷ್ಟುದ್ದ ಬರ್ದವಳೆ," ಎಂದಳು. "ಅದ್ರದು ಒಂದು ಮಾತು ಬರೀಬಾರ್ದಾಗಿತ್ತೇನ್ಲಾ? ಕಡೇಗಂಟ ನೋಡು, ಎಲ್ಲಾದ್ರೂ ಇದ್ದೀತು."

ಕೊನೆಯ ಪುಟದವರೆಗೂ ನೋಡಿದೆ. ಮುಂಗುಸಿ ಇತ್ತು, ಗಿಳಿ ಇತ್ತು, ಪುಟಪುಟದಲ್ಲೂ ಆಕೆ ಇದ್ದಳು. ಮರಿ ಇರಲಿಲ್ಲ.