ಸೋಮವಾರದ ಜ್ವರ

ಬೆಳಗೋಡಿನ ಶಾಲೆಯ ಕೊಠಡಿಗೆ ಕಾಲಿಟ್ಟವರೇ ನನ್ನ ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು. ಕುಡಿತ ಬಿಡುವವರ ಸಭೆ ಅಲ್ಲಿ ನಡೆಯುತ್ತದೆಂದು ಆಸ್ಪತ್ರೆಯ ನರ್ಸ್ ಹೇಳಿದ್ದರು. ಎದುರಿಗೆ ಕೂತಿದ್ದವರು ನಾವಿಬ್ಬರೂ ಕೂಲಿ ಮಾಡುವ ಎಸ್ಟೇಟಿನಲ್ಲಿ ಹಾಜರಿ ಹಾಕುವ ರೈಟರ್! ಇವರು ಭಾನುವಾರ ಕುಡಿದು ಸೋಮವಾರ ಏಳದಿದ್ದಾಗಲೆಲ್ಲ "ಜ್ವರ" ಎಂದು ನಾನು ನೆಪ ಹೇಳುತ್ತಿದ್ದುದು ಅವರಿಗೇ.

ರೈಟರ್ ಎದ್ದು ಬಂದು ಯಜಮಾನರ ಕೈ ಹಿಡಿದರು. "ಬಾ ಮಾರಾಯ. ಆ ಸೋಮವಾರದ ಜ್ವರ ನಂಗೂ ಬರ್ತಿತ್ತು ಕಣೋ."

ಯಜಮಾನರು ನೇರ ಒಳಗೆ ನಡೆದು ಎಲ್ಲರೆದುರು ನಿಂತರು. "ನಂಗೆ ಯಾವತ್ತೂ ಜ್ವರ ಬಂದಿರ್ಲಿಲ್ಲ. ಕುಡ್ದು ಬಿದ್ದಿರ್ತಿದ್ದೆ. ಬಿಡ್ಬೇಕು ಅಂತ ಬಂದೀನಿ."

ಈಗ ಸೋಮವಾರವೂ ನಾವಿಬ್ಬರೂ ಒಟ್ಟಿಗೇ ಕೆಲಸಕ್ಕೆ ಹೊರಡುತ್ತೇವೆ. ಕೂಲಿಯವರ ಲೈನ್ ಮನೆಗಳ ಮುಂದೆ ನಾನು ಬೇಕೆಂದೇ ನಿಧಾನವಾಗಿ ನಡೆಯುತ್ತೇನೆ. ಎಲ್ಲರೂ ನೋಡಲಿ.